ಅಕ್ಷರ ತಿದ್ದುವ ಆ್ಯಪ್: ಇಂಕ್‌ಸ್ಕೇಪ್ ಗೆರೆಯಿಂದ ಕೋಟ್ಲಿನ್ ಕೋಡಿನವರೆಗೆ

ಮಕ್ಕಳು ಫೋನಿನ ಮೇಲೆ ಬೆರಳಾಡಿಸಿ ಕನ್ನಡ ಅಕ್ಷರ ತಿದ್ದುವ ಒಂದು ಆ್ಯಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರ. ಇವಿಷ್ಟೂ ಈಗ ತೆರೆಯ ಮೇಲೆ ಸರಿಯಾಗಿ ಬರುತ್ತಿವೆ. ಕಾಗುಣಿತದ ಹತ್ತಿರ ಕೆಲಸ ನಿಂತಿದೆ. ಆ್ಯಪಿನ ಉಳಿದ ಭಾಗಗಳನ್ನು ಇಲ್ಲಿ ಮುಟ್ಟುವುದಿಲ್ಲ. ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಎಳೆದ ಗೆರೆ ಆ್ಯಪಿನೊಳಗೆ ಬರುವವರೆಗಿನ ದಾರಿಯನ್ನು ಮಾತ್ರ ಬರೆದಿಡುತ್ತೇನೆ. ಜಾಸ್ತಿ ಹೊತ್ತು ಹೋಗಿದ್ದು ಅಲ್ಲೇ.

ಬಳಸಿದ ಸಾಮಾನು: ಲಿನಕ್ಸ್ ಲ್ಯಾಪ್‌ಟಾಪ್, ಚಿತ್ರ ಬಿಡಿಸಲು ಇಂಕ್‌ಸ್ಕೇಪ್, ಸ್ಕ್ರಿಪ್ಟ್ ಬರೆಯಲು ಪೈಥಾನ್, ಆ್ಯಪ್ ಕಟ್ಟಲು ಆ್ಯಂಡ್ರಾಯ್ಡ್ ಸ್ಟುಡಿಯೋ, ಆ್ಯಪಿನ ತೆರೆ ಮಾಡಲು ಜೆಟ್‌ಪ್ಯಾಕ್ ಕಂಪೋಸ್ (ಇದರ ಕೋಡ್ ಬರೆಯುವ ಭಾಷೆ ಕೋಟ್ಲಿನ್). ಸಾಫ್ಟ್‌ವೇರ್ ಎಲ್ಲವೂ ಉಚಿತ. ಪರೀಕ್ಷೆಗೆ 3,500 ರೂಪಾಯಿಗೆ ಒಂದು ಹಳೇ ಫೋನ್ ತಂದೆ. ಪ್ಲೇ ಸ್ಟೋರಿನಲ್ಲಿ ಹಾಕಬೇಕೆಂದರೆ ಒಂದೇ ಸಲ 25 ಡಾಲರ್ ಕಟ್ಟಬೇಕು, ಅದನ್ನು ಇನ್ನೂ ಕಟ್ಟಿಲ್ಲ. ಮ್ಯಾಕ್ ಇರುವವರಿಗೆ ಪೇಂಟ್‌ಕೋಡ್ ಎಂಬ ಸಾಫ್ಟ್‌ವೇರ್ ಗೊತ್ತಿರುತ್ತದೆ. ಚಿತ್ರ ಬಿಡಿಸುತ್ತಾ ಹೋದ ಹಾಗೆ ಪಕ್ಕದಲ್ಲೇ ಸ್ವಿಫ್ಟ್ ಅಥವಾ ಆಬ್ಜೆಕ್ಟಿವ್-ಸಿ ಕೋಡ್ ಮೂಡುತ್ತದೆ. ನನ್ನ ಬಳಿ ಮ್ಯಾಕ್ ಇಲ್ಲ. ಹಾಗಾಗಿ ಅದೇ ಕೆಲಸವನ್ನು ಬಿಡಿ ಬಿಡಿ ಸಾಧನಗಳಿಂದ ಜೋಡಿಸಿಕೊಂಡೆ.

ಹಂತ 1: ವೆಕ್ಟರ್ ಡ್ರಾಯೆಬಲ್

ಆ್ಯಂಡ್ರಾಯ್ಡ್ ಸ್ಟುಡಿಯೋದಲ್ಲೇ ವೆಕ್ಟರ್ ಅಸೆಟ್ ಎಂಬ ಸಾಧನ ಇದೆ. ಎಸ್‌ವಿಜಿ ಫೈಲ್ (ಗೆರೆಗಳನ್ನು ಬಿಂದುಗಳ ಲೆಕ್ಕವಾಗಿ ಇಡುವ ಚಿತ್ರ) ಕೊಟ್ಟರೆ ವೆಕ್ಟರ್ ಡ್ರಾಯೆಬಲ್ ಎಂಬ ಎಕ್ಸ್‌ಎಂಎಲ್ ಫೈಲ್ ಮಾಡಿಕೊಡುತ್ತದೆ. ಮೊದಲು ಇದನ್ನೇ ಹಿಡಿದೆ. ಅಕ್ಷರ ತೋರಿಸುವುದಕ್ಕೆ ಇದು ಸಾಕು. ಆದರೆ ಮಗುವಿನ ಬೆರಳು ಗೆರೆಯ ಮೇಲೆ ಇದೆಯೋ ಇಲ್ಲವೋ ನೋಡಬೇಕಲ್ಲ. ಅದಕ್ಕೆ ಗೆರೆಯ ಯಾವ ಬಿಂದು ಎಲ್ಲಿದೆ ಎಂದು ಕೋಡಿಗೆ ಗೊತ್ತಿರಬೇಕು. ಡ್ರಾಯೆಬಲ್ ಚಿತ್ರವನ್ನು ಬಿಡಿಸಿಕೊಡುತ್ತದೆ, ಒಳಗಿನ ಗೆರೆಯನ್ನು ಅಳೆಯಲು ಕೈಗೆ ಕೊಡುವುದಿಲ್ಲ. ಗೆರೆ ನಿಧಾನವಾಗಿ ಮೂಡುವ ಅನಿಮೇಶನ್ ಅದರಲ್ಲೂ ಆಗುತ್ತದೆ, ಬೆರಳನ್ನು ಹೋಲಿಸಿ ನೋಡುವುದು ಮಾತ್ರ ಆಗದು. ಹಾಗಾಗಿ ಇದನ್ನು ಆ್ಯಪಿನ ಐಕಾನ್‌ಗಳಿಗೆ ಮಾತ್ರ ಉಳಿಸಿಕೊಂಡೆ. ಐಕಾನ್ ಹಾಕಲು ಬಂದವರಿಗೆ ಇಷ್ಟೇ ಸಾಕು, ಮುಂದೆ ಓದುವ ಅಗತ್ಯ ಇಲ್ಲ.

ಒಂದು ಮಾತು ಸೇರಿಸುತ್ತೇನೆ. ಒಂದು ಪಾತ್ (ಗೆರೆಯ ಬಿಂದುಗಳನ್ನು ಬರೆದಿಟ್ಟ ಸಾಲು) 800 ಕ್ಯಾರೆಕ್ಟರ್ ದಾಟಿದರೆ ಲಿಂಟ್ ಎಂಬ ತಪ್ಪು ಹುಡುಕುವ ಸಾಧನ ಎಚ್ಚರಿಕೆ ಕೊಡುತ್ತದೆ. ಅದನ್ನು ಸುಮ್ನೆ ಮುಚ್ಚಿಹಾಕಬೇಡಿ. 32,767 ದಾಟಿದರೆ ಬಿಲ್ಡ್ ಆಗುವಾಗಲೇ ಸ್ಟ್ರಿಂಗ್ ತುಂಬಾ ದೊಡ್ಡದು ಎಂದು ನಿಂತುಬಿಡುತ್ತದೆ. ಎರಡಕ್ಕೂ ಮೂಲ ಒಂದೇ: ಚಿತ್ರದಲ್ಲಿ ಬೇಡದ ನೋಡ್‌ಗಳು (ಗೆರೆಯನ್ನು ಹಿಡಿದಿಡುವ ಬಿಂದುಗಳು) ಜಾಸ್ತಿ ಇವೆ.

ಹಂತ 2: ಫಾಂಟಿನಿಂದ ಗೆರೆ ತೆಗೆಯುವ ಪ್ರಯತ್ನ

ಅಕ್ಷರಗಳು ಫಾಂಟಿನಲ್ಲೇ ವೆಕ್ಟರ್ ಆಗಿ ಇವೆ, ಅಲ್ವಾ? ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ. ಪೈಥಾನಿನ ಫಾಂಟ್‌ಟೂಲ್ಸ್ ಲೈಬ್ರರಿಯಿಂದ ಒಂದೊಂದು ಅಕ್ಷರದ ಆಕಾರವನ್ನೂ ಎಸ್‌ವಿಜಿ ಪಾತ್ ಆಗಿ ಹೊರತೆಗೆದೆ. ಎಲ್ಲ ಅಕ್ಷರಗಳೂ ತಲೆಕೆಳಗಾಗಿ ಬಂದವು. ಫಾಂಟಿನಲ್ಲಿ ವೈ ಅಕ್ಷ ಮೇಲಕ್ಕೆ ಹೋಗುತ್ತದೆ, ಎಸ್‌ವಿಜಿಯಲ್ಲೂ ಆ್ಯಂಡ್ರಾಯ್ಡಿನಲ್ಲೂ ಕೆಳಕ್ಕೆ. ವೈ ಬೆಲೆಯನ್ನು ಋಣ ಮಾಡಿ ಕೆಳಗಿಳಿಸಿದರೆ ಅದು ಸರಿಹೋಗುತ್ತದೆ.

ನಿಜವಾದ ತೊಡಕು ಬೇರೆ. ಫಾಂಟ್ ಕೊಡುವುದು ಅಕ್ಷರದ ಹೊರ ಅಂಚನ್ನು. ಮಗು ತಿದ್ದುವುದು ನಡುಗೆರೆಯನ್ನು. ಅಂಚಿನಿಂದ ನಡುಗೆರೆ ತೆಗೆಯಲು ಇಂಕ್‌ಸ್ಕೇಪಿನಲ್ಲಿ ಸೆಂಟರ್‌ಲೈನ್ ಟ್ರೇಸಿಂಗ್ ಇದೆ, 1.0 ಆವೃತ್ತಿಯಿಂದ ಸೇರಿದ್ದು. ಅಕ್ಷರವನ್ನು ದೊಡ್ಡ ಪಿಎನ್‌ಜಿ ಮಾಡಿ ಅದಕ್ಕೆ ಕೊಟ್ಟೆ. ನೇರ ಗೆರೆಗಳ ಲಿಪಿಗೆ ಇದು ಆದೀತು. ಕನ್ನಡದಲ್ಲಿ ಸುಳಿ, ಕುಣಿಕೆ ಜಾಸ್ತಿ. ಗೆರೆ ತನ್ನನ್ನೇ ದಾಟುವ ಪ್ರತಿ ಕಡೆಯೂ ಟ್ರೇಸ್ ತುಂಡಾಯಿತು. ಕೂಡುವ ಜಾಗದಲ್ಲಿ ಗೆರೆ ಸೊಟ್ಟಗಾಗಿ ಪುಟ್ಟ ಮುಳ್ಳುಗಳು ಎದ್ದವು. ಇದಕ್ಕಿಂತ ಮುಖ್ಯವಾಗಿ, ಎಲ್ಲಿ ಶುರು, ಯಾವ ಕಡೆ ಹೋಗಬೇಕು, ಎಲ್ಲಿ ಕೈ ಎತ್ತಬೇಕು ಎಂಬ ಮಾಹಿತಿ ಅದರಲ್ಲಿ ಇಲ್ಲವೇ ಇಲ್ಲ. ತಿದ್ದುವ ಆ್ಯಪಿಗೆ ಬೇಕಾಗಿರುವುದೇ ಆ ಮೂರು. ಆಕಾರ ಎಲ್ಲಿಂದ ಬೇಕಾದರೂ ಸಿಗುತ್ತದೆ.

ಈ ದಾರಿ ಬಿಟ್ಟೆ. ಫಾಂಟಿನ ಅಕ್ಷರವನ್ನು ಅಡಿಯಲ್ಲಿಟ್ಟು ಮೇಲೆ ಕೈಯಿಂದಲೇ ಎಳೆಯಬೇಕು ಎಂದು ತೀರ್ಮಾನವಾಯಿತು.

ಹಂತ 3: ಕೈಯಿಂದ ಎಳೆಯುವುದು

ಇಂಕ್‌ಸ್ಕೇಪಿನಲ್ಲಿ ಹೊಸ ಫೈಲ್. ಅಳತೆ 200 ಗುಣಿಸು 200, ಯೂನಿಟ್ ಪಿಕ್ಸೆಲ್, ವ್ಯೂಬಾಕ್ಸ್ (ಚಿತ್ರದೊಳಗಿನ ಬಿಂದುಗಳ ಅಳತೆ) ಕೂಡ ಅಷ್ಟೇ. ಯೂನಿಟ್ ಮಿಲಿಮೀಟರ್ ಇದ್ದರೆ ಮುಂದೆ ತೊಂದರೆ. ಇಂಕ್‌ಸ್ಕೇಪ್ ಒಂದು ಇಂಚಿಗೆ 96 ಪಿಕ್ಸೆಲ್ ಲೆಕ್ಕ ಹಿಡಿಯುತ್ತದೆ. 200 ಮಿಲಿಮೀಟರ್ ಅಂದರೆ 755.9 ಪಿಕ್ಸೆಲ್. ಎಸ್‌ವಿಜಿಯನ್ನು ಕೋಡ್ ಆಗಿಸುವ ಕೆಲವು ಪರಿವರ್ತಕಗಳು ವ್ಯೂಬಾಕ್ಸ್ ನೋಡುತ್ತವೆ, ಕೆಲವು ಈ ಲೆಕ್ಕವನ್ನು ಅನ್ವಯಿಸುತ್ತವೆ. ಅಕ್ಷರ ತೆರೆಯಿಂದ ಆಚೆ ಹೋದರೆ ಮೊದಲು ಇದನ್ನೇ ನೋಡಿ.

ಅಡಿಯ ಲೇಯರಿನಲ್ಲಿ ಫಾಂಟಿನ ಅಕ್ಷರ, 20 ಶೇಕಡಾ ಬಣ್ಣದಲ್ಲಿ, ಬೀಗ ಹಾಕಿ. ಮೇಲಿನ ಲೇಯರಿನಲ್ಲಿ ಗೆರೆ: ದಪ್ಪ 14, ತುದಿ ಗುಂಡು, ಕೂಡುವ ಜಾಗವೂ ಗುಂಡು, ಫಿಲ್ ಇಲ್ಲ.

ಮೊದಲು ಪೆನ್ ಟ್ಯಾಬ್ಲೆಟ್ ಇಟ್ಟುಕೊಂಡು ಪೆನ್ಸಿಲ್ ಸಾಧನದಿಂದ ಬರೆದೆ. ಕೈಬರಹ ಚೆಂದ ಬಂತು, ಆದರೆ ಒಂದೊಂದು ಅಕ್ಷರಕ್ಕೂ 60-70 ನೋಡ್ ಬಿದ್ದವು. ಸಿಂಪ್ಲಿಫೈ ಮಾಡಿದರೆ ಸುಳಿಗಳ ಆಕಾರ ಕೆಡುತ್ತದೆ. ಆಮೇಲೆ ನೋಡ್ ಇಟ್ಟು ನಡುವಿನ ಗೆರೆಯನ್ನು ಬಾಗಿಸುವ ಬೆಜಿಯೇ ಸಾಧನ ಹಿಡಿದೆ. ಗೆರೆ ಎಲ್ಲಿ ತೀರಾ ಮೇಲೆ, ತೀರಾ ಕೆಳಗೆ, ತೀರಾ ಎಡಕ್ಕೆ, ತೀರಾ ಬಲಕ್ಕೆ ತಲುಪುತ್ತದೋ ಅಲ್ಲಿ ಮಾತ್ರ ನೋಡ್. ಹಾಗೆ ಮಾಡಿದರೆ ಒಂದು ಗೆರೆಗೆ 6ರಿಂದ 10 ನೋಡ್ ಸಾಕು. ಮೊದಮೊದಲು ನಿಧಾನ, ಕೈ ಕೂತ ಮೇಲೆ ಬೇಗ ಆಗುತ್ತದೆ.

ಗೆರೆಯ ಕ್ರಮವನ್ನು ನಾನೇ ಊಹಿಸಲಿಲ್ಲ. ನಮ್ಮ ಊರಿನ ಪ್ರಾಥಮಿಕ ಶಾಲೆಯ ಮೇಡಂ ಹತ್ತಿರ ಕೂತು ಅಕ್ಷರಮಾಲೆ ಪೂರ್ತಿ ಬರೆಸಿಕೊಂಡೆ. ‘ತಲೆಕಟ್ಟು ಮೊದಲೇ ಹಾಕಿಸ್ಬೇಡಿ ಸರ್, ಮೈ ಮುಗಿದ ಮೇಲೆ ಹಾಕ್ಸಿ’ ಅಂದರು. ಬೇರೆ ಶಾಲೆಯಲ್ಲಿ ಬೇರೆ ಕ್ರಮ ಇರಬಹುದು. ಹಾಗಾಗಿ ಕ್ರಮ ಬದಲಿಸುವುದು ಸುಲಭವಾಗಿರಬೇಕು ಎಂದು ಪ್ರತಿ ಗೆರೆಗೂ ಐಡಿ ಕೊಟ್ಟೆ: ಕ-1, ಕ-2 ಹೀಗೆ. ಎಕ್ಸ್‌ಎಂಎಲ್ ಐಡಿಯಲ್ಲಿ ಕನ್ನಡ ಅಕ್ಷರ ಹಾಕಬಹುದು, ಏನೂ ತೊಂದರೆ ಇಲ್ಲ. ಲೇಯರಿನ ಹೆಸರನ್ನು ಮಾತ್ರ ನಂಬಬೇಡಿ. ಪ್ಲೇನ್ ಎಸ್‌ವಿಜಿ ಆಗಿ ಉಳಿಸಿದಾಗ ಇಂಕ್‌ಸ್ಕೇಪಿನ ಸ್ವಂತ ಲೇಬಲ್‌ಗಳು ಬಿದ್ದುಹೋಗುತ್ತವೆ, ಐಡಿ ಉಳಿಯುತ್ತದೆ.

ಗೆರೆಯ ದಿಕ್ಕು ಸರಿ ಇದೆಯೋ ನೋಡಲು ಎಲ್ಲ ಗೆರೆಗಳ ಕೊನೆಗೂ ಬಾಣದ ಮಾರ್ಕರ್ ಹಾಕಿ ಒಮ್ಮೆ ಕಣ್ಣಾಡಿಸಿದೆ. ತಿರುಗಾಮುರುಗಾ ಇದ್ದದ್ದನ್ನು ಪಾತ್ ಮೆನುವಿನ ರಿವರ್ಸ್‌ನಿಂದ ತಿರುಗಿಸಿದೆ. ಅನುಸ್ವಾರದ ಸೊನ್ನೆಯನ್ನು ವೃತ್ತ ಸಾಧನದಿಂದ ಹಾಕಿ ಪಾತ್ ಮಾಡಿದರೆ ಅದು ಬಲತುದಿಯಿಂದ ಶುರುವಾಗುತ್ತದೆ. ಮೇಡಂ ಕಲಿಸುವುದು ಮೇಲಿಂದ ಎಡಕ್ಕೆ. ಹಾಗಾಗಿ ಸೊನ್ನೆಯನ್ನೂ ಕೈಯಿಂದಲೇ ಎಳೆದೆ.

ಹಂತ 4: ಎಸ್‌ವಿಜಿಓ ಮತ್ತು ಅದು ಮುರಿದದ್ದು

ಎಸ್‌ವಿಜಿಓ ಎಂಬುದು ಎಸ್‌ವಿಜಿ ಫೈಲನ್ನು ಚಿಕ್ಕದು ಮಾಡುವ ಸಾಧನ. ಒಳ್ಳೆಯ ಸಾಧನವೇ, ವೆಬ್ಬಿನ ಚಿತ್ರಗಳಿಗೆ ಈಗಲೂ ಬಳಸುತ್ತೇನೆ. ಅದರ ಮಾಮೂಲಿ ಸೆಟ್ಟಿಂಗಿನಲ್ಲಿ ಅಕ್ಷರಗಳನ್ನು ಹಾಯಿಸಿದಾಗ ಫೈಲ್ ಚಿಕ್ಕದಾಯಿತು, ನೋಡಲು ಚಿತ್ರ ಹಾಗೇ ಇತ್ತು. ಆ್ಯಪಿನಲ್ಲಿ ಮಾತ್ರ ಪ್ರತಿ ಅಕ್ಷರದ ಮೊದಲ ಗೆರೆ ಮೂಡಿ ಅಲ್ಲಿಗೇ ನಿಲ್ಲುತ್ತಿತ್ತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಹೀಗೆ. ಒಂದೇ ಬಣ್ಣ, ಒಂದೇ ದಪ್ಪದ ಗೆರೆಗಳನ್ನು ಎಸ್‌ವಿಜಿಓ ಒಂದೇ ಪಾತ್ ಆಗಿ ಸೇರಿಸುತ್ತದೆ. ಗೆರೆಯ ಉದ್ದ ಅಳೆಯುವ ಕಂಪೋಸ್‌ನ ಪಾತ್‌ಮೆಷರ್ ಒಂದು ಪಾತ್‌ನೊಳಗಿನ ಮೊದಲ ಬಿಡಿಗೆರೆಯನ್ನು ಮಾತ್ರ ಅಳೆಯುತ್ತದೆ. ಹಾಗಾಗಿ ಕ ಅಕ್ಷರದ ಮೈ ಬರುತ್ತಿತ್ತು, ತಲೆಕಟ್ಟು ಬರುತ್ತಿರಲಿಲ್ಲ. ಜೊತೆಗೆ ನಾನು ಕೊಟ್ಟ ಐಡಿಗಳನ್ನೂ ಅದು ತೆಗೆದುಹಾಕಿತ್ತು, ಚಿತ್ರಕ್ಕೆ ಅವು ಬೇಡವಲ್ಲ. ಪಾತ್ ಸೇರಿಸುವುದು, ಐಡಿ ಅಳಿಸುವುದು, ಗುಂಪು ಬಿಚ್ಚುವುದು, ಈ ಮೂರು ಪ್ಲಗಿನ್‌ಗಳನ್ನು ಆಫ್ ಮಾಡಿದ ಮೇಲೆ ಸರಿಯಾಯಿತು.

ಚಿತ್ರ ಮಾತ್ರ ಬೇಕಾದವರಿಗಾಗಿ ಮಾಡಿದ ಸಾಧನ ಅದು. ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೆ ಅದರ ಪಾಲಿಗೆ ಏನೂ ಕಳೆದಿಲ್ಲ. ನಮಗೆ ಬೇಕಾದ್ದು ಎಳೆದವರ ಮನಸ್ಸಿನಲ್ಲಿದ್ದ ಕ್ರಮ. ಅದನ್ನು ಕಾಪಾಡುವ ಜವಾಬ್ದಾರಿ ನಮ್ಮದೇ. ಈ ಹಂತದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯಿತು: ಕೊನೆಯ ಪರಿವರ್ತಕವನ್ನು ನಾನೇ ಬರೆಯಬೇಕು. ದೊಡ್ಡದೇನೂ ಬೇಡ, ನೂರಿನ್ನೂರು ಸಾಲು ಸಾಕು, ಆದರೆ ಅದರ ಪ್ರತಿ ಸಾಲು ಏನು ಮಾಡುತ್ತದೆ ಎಂದು ನನಗೆ ಗೊತ್ತಿರಬೇಕು.

ಹಂತ 5: ಕೋಡ್ ಆಗಿಸುವುದು, 64 ಕಿಲೋಬೈಟಿನ ಗೋಡೆ

ಅದಕ್ಕೂ ಮುಂಚೆ ಒಂದು ಸಿದ್ಧ ಪರಿವರ್ತಕವನ್ನು ನೋಡಿದ್ದೆ. ಎಸ್‌ವಿಜಿ ಕೊಟ್ಟರೆ ಕೋಟ್ಲಿನ್ ಸಾಲುಗಳು ಬರುತ್ತವೆ: ಇಲ್ಲಿಗೆ ಹೋಗು, ಇಲ್ಲಿಂದ ಹೀಗೆ ಬಾಗು, ಮುಚ್ಚು. ಓದಲು ಚೆನ್ನಾಗಿದೆ. ಎಲ್ಲ ಅಕ್ಷರಗಳನ್ನೂ ಒಂದೇ ಫಂಕ್ಷನ್ನಿಗೆ ಹಾಕಿದಾಗ ಮೆಥಡ್ ತುಂಬಾ ದೊಡ್ಡದು ಎಂದು ಕಂಪೈಲ್ ನಿಂತಿತು. ಕೋಟ್ಲಿನ್ ಇಲ್ಲಿ ಜಾವಾದ ಬೈಟ್‌ಕೋಡ್ ಆಗುತ್ತದೆ, ಅದರಲ್ಲಿ ಒಂದು ಮೆಥಡ್ (ಅಂದರೆ ಒಂದು ಫಂಕ್ಷನ್) 64 ಕಿಲೋಬೈಟ್ ಮೀರುವ ಹಾಗಿಲ್ಲ. ಒಂದು ಬಾಗಿನ ಕರೆಗೆ ಆರು ಸಂಖ್ಯೆ ಬೇಕು, ಅದು ಸುಮಾರು 25 ಬೈಟ್ ತಿನ್ನುತ್ತದೆ. ಆಗ ನನ್ನ ಹತ್ತಿರ ಇದ್ದದ್ದು ಪೆನ್ಸಿಲ್ ಸಾಧನದ ಗೆರೆಗಳು. 3,000 ಬಾಗು ಅಂದರೆ 75,000 ಬೈಟ್. ಮಿತಿ 65,535.

ಅಕ್ಷರಕ್ಕೊಂದು ಫಂಕ್ಷನ್ ಮಾಡಿದರೆ ಈ ಗೋಡೆ ದಾಟುತ್ತದೆ. ಆದರೂ ಒಂದು ಸುಳಿ ತಿದ್ದಿದರೆ ಕೋಡಿನಲ್ಲಿ ನೂರಾರು ಸಾಲು ಬದಲಾಗುತ್ತದೆ, ಏನು ಬದಲಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ನಾನು ಕೊನೆಗೆ ಹಿಡಿದ ದಾರಿ: ಪ್ರತಿ ಗೆರೆಯನ್ನೂ ಎಸ್‌ವಿಜಿ ಪಾತ್‌ನ ಒಂದು ಚಿಕ್ಕ ಸ್ಟ್ರಿಂಗ್ ಆಗಿಯೇ ಇಡುವುದು. ಕಂಪೋಸ್‌ನಲ್ಲಿ ಪಾತ್‌ಪಾರ್ಸರ್ ಇದೆ, ಅದು ಆ ಸ್ಟ್ರಿಂಗನ್ನು ಓದಿ ಪಾತ್ ಮಾಡಿಕೊಡುತ್ತದೆ. ಅಕ್ಷರದ ಹೆಸರು, ಅದರ ಗೆರೆಗಳ ಪಟ್ಟಿ, ಅಷ್ಟೇ. ಒಂದು ಗೆರೆ ಬದಲಾದರೆ ಒಂದು ಸಾಲು ಬದಲಾಗುತ್ತದೆ.

ಪರಿವರ್ತಕ ಬರೆಯುವಾಗ ಎಸ್‌ವಿಜಿ ಪಾತನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ (ಪಠ್ಯದಲ್ಲಿ ಮಾದರಿ ಹುಡುಕುವ ವಿಧಾನ) ಒಡೆಯಲು ಹೋಗಬೇಡಿ. ಚಿಕ್ಕದು ಮಾಡಿದ ಫೈಲಿನಲ್ಲಿ .5.5 ಅಂದರೆ ಎರಡು ಸಂಖ್ಯೆ. ಆರ್ಕ್ (ಬಳಸು ಗೆರೆ) ಕಮಾಂಡಿನಲ್ಲಿ 01.5 ಅಂದರೆ ಮೂರು: 0 ಒಂದು ಫ್ಲ್ಯಾಗ್ (ಹೌದು-ಅಲ್ಲ ಗುರುತು), 1 ಇನ್ನೊಂದು ಫ್ಲ್ಯಾಗ್, ಉಳಿದದ್ದು .5. ಇಂಥದ್ದನ್ನೆಲ್ಲ ನೋಡಿಕೊಳ್ಳುವ ಲೈಬ್ರರಿಗಳಿವೆ. ನಾನು ಪೈಥಾನಿನ ಎಸ್‌ವಿಜಿಎಲಿಮೆಂಟ್ಸ್ ಬಳಸಿದೆ. ಗುಂಪಿನ ಮೇಲೆ ಇಂಕ್‌ಸ್ಕೇಪ್ ಹಾಕಿರುವ ಟ್ರಾನ್ಸ್‌ಫಾರ್ಮನ್ನು ಅದು ಬಿಂದುಗಳಿಗೇ ಅನ್ವಯಿಸುತ್ತದೆ, ಆರ್ಕನ್ನು ಕ್ಯೂಬಿಕ್ ಬಾಗು ಮಾಡಿಕೊಡುತ್ತದೆ. ನನ್ನ ಸ್ಕ್ರಿಪ್ಟ್ ಮಾಡುವುದು ಇಷ್ಟು: ಐಡಿ ಓದಿ ಅಕ್ಷರ ಮತ್ತು ಕ್ರಮ ತಿಳಿಯುವುದು, ಎಲ್ಲವನ್ನೂ ಅಬ್ಸಲ್ಯೂಟ್ ಬಿಂದುಗಳಾಗಿಸುವುದು (ಹಿಂದಿನ ಬಿಂದುವಿನಿಂದಲ್ಲ, ಚಿತ್ರದ ಮೂಲೆಯಿಂದ ಅಳೆದದ್ದು), ದಶಮಾಂಶದ ನಂತರ ಒಂದೇ ಅಂಕೆ ಇಡುವುದು, ಕೋಟ್ಲಿನ್ ಫೈಲ್ ಬರೆಯುವುದು. ಒಂದು ಪಾತ್‌ನಲ್ಲಿ ಎರಡು ಬಿಡಿಗೆರೆ ಕಂಡರೆ ಅದು ಅಕ್ಷರದ ಹೆಸರು ಹೇಳಿ ನಿಂತುಬಿಡುತ್ತದೆ. ಹಂತ 4ರ ತೊಂದರೆ ಮತ್ತೆ ಸದ್ದಿಲ್ಲದೆ ನುಸುಳಬಾರದು.

ಒಂದೇ ಅಂಕೆ ಯಾಕೆ? ತೆರೆಯ ಅಗಲ 1,080 ಪಿಕ್ಸೆಲ್, ನನ್ನ ಅಳತೆ 200. ಒಂದು ಯೂನಿಟ್‌ಗೆ 5.4 ಪಿಕ್ಸೆಲ್. ಒಂದು ಅಂಕೆ ಇಟ್ಟರೆ ತಪ್ಪು ಹೆಚ್ಚೆಂದರೆ 0.05 ಯೂನಿಟ್, ಅಂದರೆ ಕಾಲು ಪಿಕ್ಸೆಲ್. ಕಣ್ಣಿಗೆ ಕಾಣುವುದಿಲ್ಲ. ಪೂರ್ಣಾಂಕ ಮಾಡಿದರೆ ಎರಡೂವರೆ ಪಿಕ್ಸೆಲ್ ಮೀರುತ್ತದೆ, ಸಣ್ಣ ಸುಳಿಗಳು ಅಂಕುಡೊಂಕಾಗುತ್ತವೆ. ಅದನ್ನೂ ಮಾಡಿ ನೋಡಿದೆ.

ಠ, ಥ ಅಕ್ಷರಗಳ ಚುಕ್ಕೆ ಬೇರೆಯೇ ಸಮಸ್ಯೆ. ಚುಕ್ಕೆಯ ಉದ್ದ ಸೊನ್ನೆ. ಅಳೆದರೆ ಸೊನ್ನೆ ಬರುತ್ತದೆ, ಎಷ್ಟು ಭಾಗ ಮುಗಿಯಿತು ಎಂದು ಭಾಗಿಸಲು ಹೋದರೆ ಲೆಕ್ಕ ಮುರಿಯುತ್ತದೆ. ಐಡಿಯ ಕೊನೆಗೆ ಚುಕ್ಕೆ ಎಂದು ಸೇರಿಸಿ ಅದನ್ನು ಬೇರೆ ಬಗೆಯಾಗಿ ಇಟ್ಟೆ. ಮಗು ಅಲ್ಲಿ ಬೆರಳು ಒತ್ತಿದರೆ ಆಯಿತು.

ಹಂತ 6: ತೆರೆಯ ಮೇಲೆ

ಕ್ಯಾನ್ವಾಸಿನಲ್ಲಿ ಅಕ್ಷರವನ್ನು ಹಿಗ್ಗಿಸಿದಾಗ ಅದು ಮೂಲೆಗೆ ಜಾರಿತು. ಕಂಪೋಸ್‌ನ ಸ್ಕೇಲ್ ಫಂಕ್ಷನ್ನಿಗೆ ಪಿವಟ್ (ಹಿಗ್ಗಿಸುವಾಗ ಕದಲದ ಬಿಂದು) ಹೇಳದಿದ್ದರೆ ಅದು ಕ್ಯಾನ್ವಾಸಿನ ನಡುವನ್ನು ಹಿಡಿದು ಹಿಗ್ಗಿಸುತ್ತದೆ. ನಮಗೆ ಬೇಕಾದ್ದು ಎಡ ಮೇಲ್ತುದಿ. ಪಿವಟ್ ಸೊನ್ನೆ ಎಂದು ಕೊಟ್ಟರೆ ಸರಿ. ಹಿಗ್ಗಿಸಿದಾಗ ಗೆರೆಯ ದಪ್ಪವೂ ಜೊತೆಗೇ ಹಿಗ್ಗುತ್ತದೆ, ಅದಕ್ಕೆ ಬೇರೆ ಲೆಕ್ಕ ಬೇಡ.

ಪಾರ್ಸ್ ಮಾಡುವ (ಸ್ಟ್ರಿಂಗನ್ನು ಓದಿ ಪಾತ್ ಮಾಡುವ) ಕೆಲಸವನ್ನು ಬಿಡಿಸುವ ಫಂಕ್ಷನ್ನಿನೊಳಗೆ ಇಡಬೇಡಿ. ಹಳೇ ಫೋನಿನಲ್ಲಿ ಗೆರೆ ಬೆರಳಿಗಿಂತ ಹಿಂದೆ ಬೀಳುತ್ತಿತ್ತು. 60 ಹರ್ಟ್ಸ್ ತೆರೆಯಲ್ಲಿ ಒಂದು ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅಕ್ಷರ ಬದಲಾದಾಗ ಒಮ್ಮೆ ಪಾರ್ಸ್ ಮಾಡಿ ರಿಮೆಂಬರ್‌ನಲ್ಲಿ (ಲೆಕ್ಕ ಮಾಡಿದ್ದನ್ನು ನೆನಪಿಟ್ಟುಕೊಳ್ಳುವ ಕಂಪೋಸ್ ಸೌಲಭ್ಯ) ಇಟ್ಟ ಮೇಲೆ ಸರಾಗವಾಯಿತು. ಹೊಸ ಫೋನಿನಲ್ಲಿ ಮಾತ್ರ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಬೆರಳು ಹಿಡಿಯುವ ಭಾಗ ಹೀಗಿದೆ. ಗೆರೆಯ ಉದ್ದಕ್ಕೂ 5 ಯೂನಿಟ್‌ಗೊಂದು ಬಿಂದು ತೆಗೆದಿಡುತ್ತೇನೆ. ಬೆರಳು 24 ಯೂನಿಟ್ ಒಳಗಿದ್ದರೆ ಗೆರೆಯ ಮೇಲಿದೆ ಎಂದು ಲೆಕ್ಕ. ಅದು ಸುಮಾರು 130 ಪಿಕ್ಸೆಲ್. ಮಗುವಿನ ಬೆರಳಿಗೆ ಇಷ್ಟು ಸಲಿಗೆ ಬೇಕು. ಮೊದಲು ಬೆರಳಿಗೆ ತೀರಾ ಹತ್ತಿರದ ಬಿಂದು ಹುಡುಕುತ್ತಿದ್ದೆ. ಕನ್ನಡ ಅಕ್ಷರದಲ್ಲಿ ಅದು ನಡೆಯುವುದಿಲ್ಲ. ಗೆರೆ ತನ್ನನ್ನೇ ದಾಟುವ ಕಡೆ ಬೆರಳು ಬಂದ ಕೂಡಲೇ ಮುಂದಿನ ಸುತ್ತಿನ ಬಿಂದು ಸಿಕ್ಕಿ, ಸುಳಿ ಪೂರ್ತಿ ಹಾರಿಹೋಗುತ್ತಿತ್ತು. ಸುಳಿ ಸುತ್ತದೆಯೇ ಶಭಾಷ್ ಅಂದುಬಿಡುತ್ತಿತ್ತು ಆ್ಯಪ್. ತಪ್ಪು ಬರೆದ ಮಗುವಿಗೆ ಸರಿ ಎಂದು ಹೇಳುವುದಕ್ಕಿಂತ ಕೆಟ್ಟ ದೋಷ ಈ ಆ್ಯಪಿನಲ್ಲಿ ಇನ್ನೊಂದಿಲ್ಲ. ಈಗ ಮಗು ತಲುಪಿದ ಬಿಂದುವಿನಿಂದ ಮುಂದಿನ 6 ಬಿಂದುಗಳಲ್ಲಿ ಮಾತ್ರ ಹುಡುಕುತ್ತೇನೆ, ಅಂದರೆ 30 ಯೂನಿಟ್. ಸುಳಿಯನ್ನು ಸುತ್ತಲೇಬೇಕು.

ಕೊನೆಗೆ ತಾಳೆ ನೋಡುವುದು. ಇಂಕ್‌ಸ್ಕೇಪಿನ ಕಮಾಂಡ್ ಲೈನಿನಿಂದ ಪ್ರತಿ ಅಕ್ಷರದ್ದೂ 1,080 ಪಿಕ್ಸೆಲ್ ಪಿಎನ್‌ಜಿ, ಫೋನಿನಿಂದ ಅದೇ ಅಳತೆಯ ಸ್ಕ್ರೀನ್‌ಶಾಟ್. ಎರಡನ್ನೂ ಗಿಂಪ್‌ನಲ್ಲಿ ಒಂದರ ಮೇಲೊಂದು ಇಟ್ಟು ಡಿಫರೆನ್ಸ್ ಮೋಡ್ ಹಾಕಿದೆ. ಎರಡೂ ಒಂದೇ ಆಗಿದ್ದರೆ ಪೂರ್ತಿ ಕಪ್ಪು. ಗೆರೆಯಂಚಿನಲ್ಲಿ ಮಸುಕಾದ ಕೂದಲೆಳೆ ಕಂಡರೆ ಪರವಾಗಿಲ್ಲ, ಅದು ಅಂಚನ್ನು ನಯಗೊಳಿಸುವ ರೀತಿಯ ವ್ಯತ್ಯಾಸ. ದಪ್ಪ ಬಿಳಿ ಪಟ್ಟಿ ಕಂಡರೆ ಆ ಅಕ್ಷರಕ್ಕೆ ವಾಪಸ್ ಹೋಗಬೇಕು.

ಹಂತ 7: ಕಾಗುಣಿತ, ಇಲ್ಲಿ ನಿಂತಿದೆ

34 ವ್ಯಂಜನಗಳ ಕಾಗುಣಿತವನ್ನು ಒಂದೊಂದಾಗಿ ಎಳೆಯುವುದು ಬೇಡ, ಮೈ ಒಂದು ಕಡೆ, ಗುರುತುಗಳು ಒಂದು ಕಡೆ ಇಟ್ಟು ಜೋಡಿಸೋಣ ಎಂದು ಹೊರಟೆ. ಕ ಅಕ್ಷರದ ತಲೆಕಟ್ಟು ಬೇರೆ ಗೆರೆಯಾಗಿ ಇರುವುದರಿಂದ ಅದನ್ನು ತೆಗೆದು ಗುಡಿಸು ಹಾಕಿದರೆ ಕಿ, ಇಳಿ ಹಾಕಿದರೆ ಕಾ. ವಟ್ರಸುಳಿಗೆ ತಲೆಕಟ್ಟು ಹಾಗೇ ಉಳಿಯುತ್ತದೆ. ಪ್ರತಿ ಅಕ್ಷರದ ಫೈಲಿನಲ್ಲೂ ಗುರುತು ಅಂಟುವ ಜಾಗಕ್ಕೆ ಒಂದು ಪುಟ್ಟ ವೃತ್ತ ಇಟ್ಟು ಐಡಿ ಕೊಟ್ಟೆ. ಪರಿವರ್ತಕ ಅದನ್ನು ಬಿಡಿಸುವುದಿಲ್ಲ, ಅದರ ನಡುಬಿಂದುವನ್ನು ಮಾತ್ರ ಓದಿಕೊಳ್ಳುತ್ತದೆ.

ತಲೆಕಟ್ಟು ಇರುವ ಅಕ್ಷರಗಳಿಗೆ ಇದು ಬಹುಪಾಲು ನಡೆಯುತ್ತಿದೆ. ಕೊಂಬಿನಲ್ಲಿ ಪ, ಫ, ವ ಬೇರೆ ಜಾಗ ಕೇಳುತ್ತವೆ. ವ ಪಕ್ಕದಲ್ಲಿ ಮಾಮೂಲಿ ಎತ್ತರಕ್ಕೆ ಕೊಂಬು ಹಾಕಿದರೆ ಅದು ಮ ಆಗಿಬಿಡುತ್ತದೆ, ಅದಕ್ಕೇ ವು, ಪು ಬರೆಯುವಾಗ ಕೊಂಬು ಕೆಳಗೆ ಇಳಿಯುತ್ತದೆ. ಈ ಮೂರಕ್ಕೂ ಎರಡನೇ ವೃತ್ತ ಇಟ್ಟು ಸರಿಪಡಿಸಿದೆ.

ಸಿಕ್ಕಿಕೊಂಡಿರುವುದು ತಲೆಕಟ್ಟು ಇಲ್ಲದ ಅಕ್ಷರಗಳಲ್ಲಿ. ಖಿ, ಜಿ, ಬಿ, ಲಿ ಬರೆಯುವಾಗ ಗುಡಿಸು ಮೇಲೆ ಬಂದು ಕೂರುವುದಿಲ್ಲ, ಅಕ್ಷರದ ಮೈಯೇ ಬಾಗಿ ಬೇರೆ ಆಕಾರ ಪಡೆಯುತ್ತದೆ. ಒಂದೇ ಗೆರೆಯಲ್ಲಿ ಶುರುವಾಗಿ ಮುಗಿಯುತ್ತದೆ. ಇವನ್ನು ಜೋಡಿಸಿ ಮಾಡಿದರೆ ಕೂಡುವ ಜಾಗದಲ್ಲಿ ಗೆರೆ ಮುರಿದು, ಬೆರಳು ಎತ್ತಬೇಕಾದ ಜಾಗವಲ್ಲದ ಕಡೆ ಆ್ಯಪ್ ಬೆರಳು ಎತ್ತಿಸುತ್ತದೆ. ಇವುಗಳಿಗೆ ಪೂರ್ತಿ ಹೊಸ ಗೆರೆ ಎಳೆಯುವುದೇ ಸರಿ. ಪರಿವರ್ತಕ ಮೊದಲು ಪೂರ್ತಿ ಎಳೆದ ಫೈಲ್ ಇದೆಯೇ ನೋಡಬೇಕು, ಇಲ್ಲದಿದ್ದರೆ ಮಾತ್ರ ಜೋಡಿಸಬೇಕು. ಆ ಬದಲಾವಣೆ ಸ್ಕ್ರಿಪ್ಟಿನಲ್ಲಿ ಸೇರಿಸಿ ಆಗಿದೆ. ಖಿ, ಜಿ ಎಳೆದಿದ್ದೇನೆ. ಬಿ ಮತ್ತು ಲಿ ಗೆರೆಯ ದಿಕ್ಕನ್ನು ಮೇಡಂ ಹತ್ತಿರ ಒಮ್ಮೆ ಕೇಳಿ ಎಳೆಯಬೇಕು. ಒತ್ತಕ್ಷರಕ್ಕೆ ಇನ್ನೂ ಕೈ ಹಾಕಿಲ್ಲ.